ಹಿತ್ತಲಿಗೊಂದು ಬೋರ್ಡು

ಭಾನುವಾರ ಬಂತೆಂದರೆ ದುಡಿಯುವವರ ಮನೆಗಳಲ್ಲೆಲ್ಲ ಒಂದೇ ಕಥೆ. ಆರು ದಿನ ದಣಿದ ಮೈ ಇನ್ನೊಂದು ಗಂಟೆ ಮಲಗೋಣ ಅನ್ನುತ್ತದೆ. ಹಿತ್ತಲು ಮಾತ್ರ ಮಲಗಿರುವುದಿಲ್ಲ. ಹೋದ ವಾರ ಪಾದದ ಮಟ್ಟಕ್ಕಿದ್ದ ಕಳೆ ಈ ವಾರ ಮೊಣಕಾಲಿಗೆ ಬಂದಿರುತ್ತದೆ. ಒಡೆದ ಕುಂಡದಲ್ಲಿ ನೀರು ನಿಂತಿರುತ್ತದೆ. ಬಟ್ಟೆ ಒಣಗಿಸುವ ತಂತಿಯ ಕಂಬ ಒಂದು ಕಡೆಗೆ ವಾಲಿರುತ್ತದೆ.

ಲಿಫ್ಟಣ್ಣನ ಮನೆಯಲ್ಲೂ ಹೀಗೇ. ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಿದ್ದುದರಿಂದ ಬೀದಿಯವರು ಅವನನ್ನು ಹಾಗೆ ಕರೆಯುತ್ತಿದ್ದರು. ಹೆಂಡತಿ ಮನೆಯಲ್ಲೇ ಮಷೀನ್ ಇಟ್ಟುಕೊಂಡು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು. ಮಕ್ಕಳು ಇಬ್ಬರು. ಮಗನಿಗೆ ಇನ್ನೇನು ಹನ್ನೊಂದು ತುಂಬುವುದರಲ್ಲಿತ್ತು. ಮಗಳಿಗೆ ಐದು. ಎಳೆಯ ಕೂಸಾಗಿದ್ದಾಗ ಅವಳ ಅಳು ಸಣ್ಣ ದನಿಯಲ್ಲಿ ಎಳೆದೆಳೆದು ಬರುತ್ತಿತ್ತು, ಅದಕ್ಕೆ ಪಿಟೀಲು ಎಂಬ ಹೆಸರು ಅಂಟಿಕೊಂಡಿತ್ತು.

ಆ ಭಾನುವಾರ ಲಿಫ್ಟಣ್ಣ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಿತ್ತಲಿಗೆ ಇಳಿದ. ಕೈಯಲ್ಲಿ ಕಿತ್ತಳೆ ಜ್ಯೂಸಿನ ಬಾಟಲಿ. ಒಳಗಿದ್ದದ್ದು ಜ್ಯೂಸಲ್ಲ, ಕಳೆ ಸಾಯಿಸುವ ಔಷಧಿ. ಲಿಫ್ಟಣ್ಣ ಕೆಲಸ ಮಾಡುವ ಒಂದು ಕಟ್ಟಡದ ತೋಟದವನು ಡಬ್ಬಿಯಿಂದ ಬಗ್ಗಿಸಿ ಕೊಟ್ಟಿದ್ದ.

ಮಕ್ಕಳು ಹಿಂದೆಯೇ ಬಂದರು.

"ಅಪ್ಪ, ನಾನು ಗುದ್ದಲಿ ಹಿಡೀಲಾ?" ಎಂದ ಮಗ.

"ನೀನು ಹಿಡಿದ್ರೆ ಕಳೆ ಉಳಿಯುತ್ತೆ, ಕಾಲ್ಬೆರಳು ಹೋಗುತ್ತೆ."

"ನಾನು ಗಿಡಕ್ಕೆ ನೀರು ಹಾಕ್ತೀನಿ," ಎಂದಳು ಪಿಟೀಲು.

"ಇಬ್ರೂ ಒಳಗೆ ನಡೀರಿ. ಬೇಕಾದ್ರೆ ಮೊಬೈಲ್ ನೋಡ್ಕೊಳ್ಳಿ."

ಹೊಲಿಗೆ ಮಷೀನಿನ ಸದ್ದು ನಿಂತಿತು. "ಒಂದು ಚೊಂಬು ನೀರು ಹಾಕೋದಕ್ಕೂ ಬೇಡ್ವೇನ್ರೀ ಮಕ್ಕಳು?"

"ನೀನು ಸುಮ್ನಿರು ಕಣೆ. ಇವರನ್ನ ಕಟ್ಕೊಂಡು ಕೆಲಸ ಮಾಡೋದು ಅಂದ್ರೆ ಕಪ್ಪೆಗಳನ್ನ ತಕ್ಕಡಿಗೆ ಹಾಕಿದ ಹಾಗೆ. ಒಂದು ಗಂಟೆ ಕೆಲಸ ಸಂಜೆವರೆಗೂ ಎಳೆಯುತ್ತೆ."

ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ಊಟದ ಹೊತ್ತಿಗೆ ಕೆಲಸ ಮುಗಿಯಿತು. ಉಳಿದ ಔಷಧಿ ಮುಂದಿನ ಸಲಕ್ಕಾಯಿತೆಂದು ಬಾಟಲಿಯನ್ನು ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಕೈತೊಳೆದು ಉಂಡು, ಲಿಫ್ಟಣ್ಣ ಮಲಗಿದ. ದಣಿದವನ ನಿದ್ದೆ. ಅದರಲ್ಲಿ ತಪ್ಪು ಹುಡುಕುವಂತಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಕಳೆಯೆಲ್ಲ ಹಳದಿಯಾಗಿ ಮಲಗಿತ್ತು. ಆದರೆ ಗೋಡೆಯ ಪಕ್ಕದ ಟೊಮೆಟೊ ಸಸಿಗಳೂ ತಲೆ ಬಗ್ಗಿಸಿದ್ದವು. ಅದೇ ಸಾಲಿನಲ್ಲಿದ್ದ ಹೆಂಡತಿಯ ಒಂದೇ ಒಂದು ಗುಲಾಬಿ ಗಿಡ ಸುಟ್ಟ ಕಾಗದದಂತಾಗಿತ್ತು.

ಟೊಮೆಟೊ ಸಸಿ ಕೊಟ್ಟವರು ಪಕ್ಕದ ಮನೆಯ ನರ್ಸಕ್ಕ. ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದು ತಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು.

"ಏನಕ್ಕ, ಕೊಡೋದು ಕೊಟ್ರಿ, ರೋಗದ ಸಸಿ ಕೊಟ್ರಲ್ಲ," ಎಂದ ಲಿಫ್ಟಣ್ಣ ನಗುತ್ತ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ," ಎನ್ನುತ್ತಾ ನರ್ಸಕ್ಕ ಗೋಡೆಗೆ ಒರಗಿ ಬಗ್ಗಿ ನೋಡಿದರು. ನೋಡುತ್ತಲೇ ಅವರ ನಗು ನಿಂತಿತು. "ಇದು ರೋಗ ಅಲ್ಲಪ್ಪ. ಪಕ್ಕದ ಬದನೆ ಗಿಡ ಚೆನ್ನಾಗೇ ಇದೆ. ಬರೀ ಈ ಸಾಲು ಸತ್ತಿದೆ, ಅದೂ ಮೇಲಿನ ಎಲೆಯಿಂದ. ಯಾರೋ ತಲೆ ಮೇಲೆ ಸ್ನಾನ ಮಾಡಿಸಿದ ಹಾಗಿದೆ. ನೀನು ಇಲ್ಲಿಗೂ ಔಷಧಿ ಹೊಡೆದ್ಯಾ?"

"ಇಲ್ಲಕ್ಕ. ಈ ಕಡೆ ತಲೆ ಹಾಕಿಲ್ಲ."

ನರ್ಸಕ್ಕ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಗೋಡೆಯ ಮೇಲೆ ಹಾಕಿದರು. ಆಮೇಲೆ ಸುತ್ತು ಹಾಕಿಕೊಂಡು ಈಚೆ ಬಂದರು. ಹೊಸ್ತಿಲ ಮೇಲೆ ಕೂತಿದ್ದ ಪಿಟೀಲು ಸತ್ತ ಗಿಡಗಳನ್ನು ನೋಡುತ್ತಿರಲಿಲ್ಲ, ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದಳು. ನರ್ಸಕ್ಕ ಅವಳ ಪಕ್ಕದಲ್ಲೇ ಕೂತರು.

"ಪಿಟೀಲು, ಇವಕ್ಕೆ ನೀರು ಹಾಕಿದ್ದು ಯಾರಮ್ಮ?"

ಪಿಟೀಲು ಕಾಲನ್ನು ಒಳಗೆಳೆದುಕೊಂಡಳು.

"ನಾನು ಬೈಯಲ್ಲ. ನಿಮ್ಮಪ್ಪನೂ ಬೈಯಲ್ಲ. ಅಲ್ವೇನಪ್ಪ?"

ಲಿಫ್ಟಣ್ಣ ತಲೆಯಾಡಿಸಿದ.

"ನೀರಲ್ಲ," ಎಂದಳು ಪಿಟೀಲು. "ಜ್ಯೂಸ್. ಅಪ್ಪ ಆಫೀಸಿಗೆ ಹೋದಾಗ. ನೀರು ಎಲ್ಲಾರೂ ಹಾಕ್ತಾರೆ. ನಾನು ಜ್ಯೂಸ್ ಹಾಕಿದ್ರೆ ಬೇಗ ದೊಡ್ಡದಾಗುತ್ತೆ ಅಂತ."

ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿದ್ದ ಕತ್ತರಿ ಹಾಗೇ ಉಳಿಯಿತು.

"ನೀನು ಕುಡಿದ್ಯಾ ಕಂದ?" ನರ್ಸಕ್ಕನ ದನಿ ಏರಲಿಲ್ಲ.

"ಇಲ್ಲ. ಮೂಸಿ ನೋಡ್ದೆ. ಅಪ್ಪನ ಕೆಲಸದ ಬ್ಯಾಗ್ ವಾಸನೆ ಬಂತು."

"ಒಂದು ಚೂರೂ?"

"ಒಂದು ಚೂರೂ ಇಲ್ಲ. ಉಳಿದಿದ್ದನ್ನ ಅಣ್ಣಂಗೆ ಎತ್ತಿಟ್ಟಿದೀನಿ. ನಾಡಿದ್ದು ಅವನ ಹುಟ್ಟುಹಬ್ಬ ಅಲ್ವಾ?"

ಲಿಫ್ಟಣ್ಣ ಬಚ್ಚಲಿನ ಕಿಟಕಿಯ ಕಡೆ ನೋಡಿದ. ಕಟ್ಟೆ ಖಾಲಿ. ಒಳಗೆ ಓಡಿದ. ಮಂಚದ ಕೆಳಗಿನ ಆಟದ ಬುಟ್ಟಿಯಲ್ಲಿ, ಗೊಂಬೆಯ ಹಾಸಿಗೆಯ ಅಡಿಯಲ್ಲಿ ಬಾಟಲಿ ಇತ್ತು. ತಾಯಿಯ ಬಟ್ಟೆಚೂರುಗಳಿಂದ ಒಂದು ಕೆಂಪು ಪಟ್ಟಿ ಆರಿಸಿ ಅದರ ಕೊರಳಿಗೆ ಕಟ್ಟಿದ್ದಳು. ಉಡುಗೊರೆ ಅಂದಮೇಲೆ ಅಲಂಕಾರ ಬೇಡವೇ? ಒಳಗೆ ಒಂದು ಲೋಟದಷ್ಟು ಉಳಿದಿತ್ತು.

ಬಾಟಲಿ ಹಿಡಿದು ಹೊರಗೆ ಬಂದ. ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಪಕ್ಕದಲ್ಲೇ ಕೂತ.

ನರ್ಸಕ್ಕ ಮೊದಲು ಮಗುವಿನ ಕೈ, ಬಾಯಿ, ಕಣ್ಣು ನೋಡಿದರು. ಗಿಡಕ್ಕೆ ಸುರಿದು ನಾಲ್ಕು ದಿನವಾಗಿತ್ತು, ಎಲ್ಲೂ ಕೆಂಪಾಗಿರಲಿಲ್ಲ. "ದೇವರು ದೊಡ್ಡವನು," ಎಂದು ತಾಯಿಯ ಕಡೆ ತಿರುಗಿದರು. "ಆದ್ರೂ ನಾಳೆ ಒಮ್ಮೆ ಡಾಕ್ಟರಿಗೆ ತೋರಿಸೋಣ. ಕೇಳಿಸ್ಕೊಳ್ಳಮ್ಮ. ಮೈಗೆ ಬಿದ್ದರೆ ಆ ಬಟ್ಟೆ ಬಿಚ್ಚಿ ಸೋಪು ಹಾಕಿ ಚೆನ್ನಾಗಿ ತೊಳೀಬೇಕು. ಕಣ್ಣಿಗೆ ಬಿದ್ದರೆ ಕಾಲು ಗಂಟೆ ಬಿಡದೆ ಶುದ್ಧ ನೀರು ಹಾಯಿಸಬೇಕು, ಆಮೇಲೆ ಆಸ್ಪತ್ರೆ. ಕುಡಿದುಬಿಟ್ರೆ ಮಾತ್ರ ನೀವಾಗೇ ವಾಂತಿ ಮಾಡಿಸಬೇಡಿ. ಉಪ್ಪುನೀರು ಬೇಡ, ಹಾಲು ಬೇಡ. ಡಬ್ಬಿಯನ್ನೂ ತಗೊಂಡು ಸೀದಾ ಆಸ್ಪತ್ರೆಗೆ ಓಡಿ. ಇವತ್ತು ನೋಡಿದ್ರೆ, ಒಳಗೇನಿದೆ ಅಂತ ಹೇಳೋಕೆ ಈ ಬಾಟಲಿ ಮೇಲೆ ಒಂದಕ್ಷರ ಇಲ್ಲ. ಕಿತ್ತಳೆ ಹಣ್ಣಿನ ಚಿತ್ರ ಇದೆ."

"ಇದನ್ನ ಈಗ್ಲೇ ಚರಂಡಿಗೆ ಸುರೀತೀನಿ," ಎಂದು ಲಿಫ್ಟಣ್ಣ ಎದ್ದ.

"ಚರಂಡಿ ಏನು ಪಾಪ ಮಾಡಿದೆ? ಬಿಗಿಯಾಗಿ ಮುಚ್ಚಿ, ಮೇಲೆ 'ವಿಷ' ಅಂತ ದೊಡ್ಡದಾಗಿ ಬರಿ. ಇವತ್ತು ಬೀಗದೊಳಗಿರಲಿ. ನಾಳೆ ಕೊಟ್ಟವನಿಗೇ ವಾಪಸ್ ಕೊಡು. ಹೆಸರು ಬರೆದ ಡಬ್ಬಿ ಅವನ ಹತ್ರ ಇರುತ್ತೆ."

ಲಿಫ್ಟಣ್ಣ ಹೆಂಡತಿಯ ಕಡೆ ತಿರುಗಿದ. ಹೆದರಿದ ಗಂಡಸಿಗೆ ಸಿಟ್ಟು ಬೇಗ ಬರುತ್ತದೆ. "ನೋಡಿದ್ಯಾ? ಅದಕ್ಕೇ ನಾನು ಹೇಳೋದು, ಮಕ್ಕಳು ಹಿತ್ತಲಿಗೆ ಕಾಲಿಡಬಾರದು. ನಾಳೆ ಈ ಬಾಗಿಲಿಗೆ ದೊಡ್ಡ ಬೀಗ ಜಡೀತೀನಿ."

ನಡುವೆ ಮಾತಾಡಿದವರು ನರ್ಸಕ್ಕ.

"ಅಲ್ಲಪ್ಪ, ಲಿಫ್ಟ್ ಗುಂಡಿಗೆ ಇಳಿಯೋಕೆ ಮುಂಚೆ ನೀನು ಏನೇನು ಮಾಡ್ತೀಯ?"

"ಅದ್ಯಾಕೀಗ?"

"ಹೇಳು."

"ಮೇನ್ ಸ್ವಿಚ್ ಆರಿಸ್ತೀನಿ. ಅದಕ್ಕೆ ಬೀಗ ಹಾಕ್ತೀನಿ. ಕೀ ನನ್ನ ಜೇಬಲ್ಲಿ. ಪ್ರತಿ ಮಹಡೀಲೂ ಬೋರ್ಡ್ ನೇತುಹಾಕ್ತೀನಿ, ಕೆಲಸ ನಡೀತಿದೆ ಅಂತ."

"ಕಟ್ಟಡದಲ್ಲಿ ಇರೋರನ್ನೆಲ್ಲ ಊರು ಬಿಡಿಸ್ತೀಯಾ?"

"ಅವರನ್ನ್ಯಾಕೆ ಬಿಡಿಸ್ಲಿ? ಅವರಿಗೆ ಹೇಳ್ತೀನಿ. ಯಾವುದು ಮುಟ್ಟಬಾರದು, ಎಲ್ಲಿ ನಿಲ್ಲಬಾರದು..."

"ಬೀಗ ಹಾಕಬೇಕಾದ್ದು ವಿಷಕ್ಕೆ. ನೀನು ಹೋದ ವಾರ ಹಾಕಿದ್ದು ಮಕ್ಕಳಿಗೆ," ಎಂದರು ನರ್ಸಕ್ಕ. "ಬಾಗಿಲು ಎಷ್ಟು ದಿನ ಮುಚ್ಚಿರುತ್ತೆ? ನೀನು ಕೆಲಸಕ್ಕೆ ಹೋಗ್ತೀಯ, ಇವಳು ಮಷೀನಿನ ಮುಂದೆ ಕೂರ್ತಾಳೆ. ಮಗು ತಾನೇ ಬಂತು. ಬಂದಾಗ ಅದಕ್ಕೆ ಹಿತ್ತಲಲ್ಲಿ ಯಾವುದು ಏನು ಅಂತ ಗೊತ್ತಿರಲಿಲ್ಲ. ಯಾರೂ ತೋರಿಸಿರಲಿಲ್ಲವಲ್ಲ."

"ಅಕ್ಕ, ನಿಮ್ಮ ಮಾತು ಸರಿ." ಲಿಫ್ಟಣ್ಣ ಮುಖ ಒರೆಸಿಕೊಂಡ. "ಆದ್ರೆ ನನಗಿರೋದು ಇದೊಂದು ದಿನ. ಇವರಿಗೆ ಹೇಳಿಕೊಡ್ತಾ ಕೂತ್ರೆ ದಿನ ಪೂರ್ತಿ ಹೋಗುತ್ತೆ."

ಆಗ ಹೆಂಡತಿ ಬಾಯಿಬಿಟ್ಟಳು. "ಹೋಗ್ಲಿ ಬಿಡಿ. ಎಲ್ಲಿಗೆ ಹೋಗುತ್ತೆ? ಮಕ್ಕಳ ಹತ್ರ ತಾನೆ."

ಮರುದಿನ ಡಾಕ್ಟರು ನೋಡಿ, ಮಗುವಿಗೇನೂ ಆಗಿಲ್ಲ ಎಂದರು. ಬಾಟಲಿ ತೋಟದವನಿಗೆ ವಾಪಸ್ ಹೋಯಿತು. ಮಂಗಳವಾರ ಅಣ್ಣನಿಗೆ ನಿಜವಾದ ಕಿತ್ತಳೆ ಹಣ್ಣಿನ ರಸ ಸಿಕ್ಕಿತು, ಕೆಂಪು ಪಟ್ಟಿ ಕಟ್ಟಿದ ಹೊಸ ಲೋಟದಲ್ಲಿ.

ಆ ವಾರಾಂತ್ಯ ಹಿತ್ತಲಿಗೆ ನಾಲ್ವರೂ ಇಳಿದರು. ಔಷಧಿ ಇಲ್ಲ, ಗುದ್ದಲಿ ಮತ್ತು ಕೈ ಅಷ್ಟೆ. ಎಲ್ಲರ ಕಾಲಿಗೂ ಚಪ್ಪಲಿಯಲ್ಲ, ಮುಚ್ಚಿದ ಬೂಟು. ಯೂನಿಫಾರಂ ಬಟ್ಟೆಯ ಚೂರಿನಲ್ಲಿ ತಾಯಿ ಹೊಲಿದ ನೀಲಿ ಕೈಗವಸು. ಅಪ್ಪ ಗುದ್ದಲಿ ಬೀಸುವ ಜಾಗದ ಸುತ್ತ ಮಗ ಹಗ್ಗದ ಗೆರೆ ಎಳೆದ. ಅಪ್ಪ ಗುದ್ದಲಿ ಕೆಳಗಿಡುವವರೆಗೆ ಯಾರೂ ಆ ಗೆರೆ ದಾಟುವಂತಿಲ್ಲ. ಕಿತ್ತ ಕಳೆಯನ್ನು ಬಕೆಟ್ಟಿಗೆ ತುಂಬುವುದು, ಕುಂಡದಲ್ಲಿ ನಿಂತ ಸೊಳ್ಳೆ ನೀರನ್ನು ಚೆಲ್ಲುವುದು ಪಿಟೀಲಿನ ಪಾಲಿಗೆ ಬಂತು. ಬಾಯಾರಿದರೆ ಅಮ್ಮನ ಕೈಯಿಂದ, ಸ್ಟೀಲ್ ಚೊಂಬಿನಿಂದ ಮಾತ್ರ ನೀರು.

ಕೆಲಸ ನಿಧಾನವಾಯಿತು, ಸುಳ್ಳು ಹೇಳುವುದೇಕೆ. ನರ್ಸಕ್ಕ ಹೊಸದಾಗಿ ಕೊಟ್ಟ ಸಸಿಯೊಂದನ್ನೂ ಪಿಟೀಲು ಕಳೆಯೆಂದು ಕಿತ್ತಳು. ಲಿಫ್ಟಣ್ಣನ ಬಾಯಿಗೆ ಬೈಗುಳ ಬಂದು, ಹಲ್ಲಿನ ಹಿಂದೆ ನಿಂತು, ವಾಪಸ್ ಹೋಯಿತು. ಅವಳ ಪಕ್ಕ ಕೂತು ಸಸಿಯದೂ ಕಳೆಯದೂ ಎರಡೂ ಎಲೆಯನ್ನು ಅಂಗೈ ಮೇಲಿಟ್ಟು ತೋರಿಸಿದ. ಅವಳು ನೋಡಿದಳು, ಎರಡನ್ನೂ ಮೂಸಿದಳು. ಆಮೇಲೆ ಆ ತಪ್ಪು ಆಗಲಿಲ್ಲ. ಕಂಬ ನೇರ ಮಾಡುವ ಕೆಲಸ ಮಾತ್ರ ಮುಂದಿನ ವಾರಕ್ಕೆ ಉಳಿಯಿತು.

ಸಂಜೆ ಎಲ್ಲರೂ ಸೋಪು ಹಾಕಿ ಕೈತೊಳೆದು ಒಳಗೆ ಬಂದಿದ್ದರು. ಲಿಫ್ಟಣ್ಣನಿಗೆ ಆ ವಾಲಿದ ಕಂಬ ಕಣ್ಣಿಗೆ ಚುಚ್ಚುತ್ತಿತ್ತು. ಐದು ನಿಮಿಷದ ಕೆಲಸ, ಬೇಗ ಮುಗಿಸಿಬಿಡೋಣವೆಂದು ಒಬ್ಬನೇ ಗುದ್ದಲಿ ಎತ್ತಿಕೊಂಡ.

"ಅಪ್ಪ, ನಿಲ್ಲು."

ಪಿಟೀಲು ಬಾಗಿಲಲ್ಲಿದ್ದಳು. ಅಣ್ಣ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದ ಬೋರ್ಡು ಅವಳ ಕೈಯಲ್ಲಿತ್ತು: ಕೆಲಸ ನಡೀತಿದೆ. ತುದಿಗಾಲಲ್ಲಿ ನಿಂತು ಅದನ್ನು ಮೊಳೆಗೆ ನೇತುಹಾಕಿ, ಸರಿಯಾಗಿದೆಯೇ ಎಂದು ನೋಡಿ, ಹಗ್ಗದ ಗೆರೆಯ ಈಚೆ ಬಂದು ನಿಂತಳು.

"ಈಗ ಮಾಡು," ಎಂದಳು.

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮಗೆಷ್ಟು ದಣಿವಾಗಿದೆ ಅಂತ ಗೊತ್ತು. ಆದರೂ ಇವತ್ತೇ ಎದ್ದು ನಿಮ್ಮ ಬಚ್ಚಲಿನ ಕಿಟಕಿ, ಮೆಟ್ಟಿಲ ಕೆಳಗಿನ ಮೂಲೆ ಒಮ್ಮೆ ನೋಡಿ ಬನ್ನಿ. ಕುಡಿಯುವ ಬಾಟಲಿಯಲ್ಲಿ ಔಷಧಿ, ಆಸಿಡ್, ಸೀಮೆಎಣ್ಣೆ ಇದೆಯೇ? ಇದ್ದರೆ ಈಗಲೇ ಅದರ ಮೇಲೆ ಏನೆಂದು ಬರೆದು ಬೀಗದೊಳಗಿಡಿ. ಇನ್ನು ಮೇಲೆ ಅಂಥದ್ದನ್ನು ಅದು ಬಂದ ಡಬ್ಬಿಯಲ್ಲೇ ಇಡಿ, ಜ್ಯೂಸ್ ಬಾಟಲಿಗೆ ಬಗ್ಗಿಸಿ ಕೊಟ್ಟರೆ ಬೇಡವೆನ್ನಿ. ಬರುವ ಭಾನುವಾರ ಮಕ್ಕಳನ್ನು ಒಳಗೆ ಕಳಿಸುವ ಬದಲು ಹೊರಗೆ ಕರೆಯಿರಿ. ಅವರ ವಯಸ್ಸಿಗೆ ತಕ್ಕ ಒಂದು ಕೆಲಸ ಕೊಡಿ, ಒಂದು ಗೆರೆ ತೋರಿಸಿ. ಕೆಲಸ ನಿಧಾನವಾಗುತ್ತದೆ, ಒಂದೆರಡು ಸಸಿ ಹೋಗುತ್ತವೆ. ಹೋಗಲಿ ಬಿಡಿ, ಸಸಿ ಮತ್ತೆ ನೆಡಬಹುದು.