ಒಂದೇ ಟಿಕ್

ಬ್ಯಾಡಗಿಯ ಕೊಟ್ರೇಶನ ಮೆಣಸಿನಪುಡಿ ಗಿರಣಿಯಲ್ಲಿ ಎರಡು ರಿಲೇಗಳಿದ್ದವು, ಒಳಗಿನ ಸುರುಳಿಗೆ ಕರೆಂಟು ಬಂದರೆ ಟಿಕ್ ಎಂದು ಎಳೆದುಕೊಳ್ಳುವ ಸ್ವಿಚ್ಚುಗಳು. ಒಂದು ಗಿರಣಿಯನ್ನು ಚಾಲೂ ಮಾಡುತ್ತಿತ್ತು, ಇನ್ನೊಂದು ಘಾಟು ಹೊರಗೆಳೆಯುವ ಫ್ಯಾನನ್ನು. ಎರಡೂ ಹನ್ನೆರಡು ವೋಲ್ಟಿನವು. ಸಪ್ಲೈ ಮಾತ್ರ ಇಪ್ಪತ್ನಾಲ್ಕರದು. ವೈರಿಂಗ್ ಮಾಡುವ ಮಾಲತೇಶ ಅವನ್ನು ಒಂದರ ಬಾಲಕ್ಕೊಂದು ಕಟ್ಟಿ, ವೋಲ್ಟೇಜನ್ನು ಅಣ್ಣತಮ್ಮಂದಿರ ಹೊಲದಂತೆ ಸಮಪಾಲು ಮಾಡಿದ್ದ. ಅಣ್ಣತಮ್ಮಂದಿರಿಗಿಂತ ಚೆನ್ನಾಗಿಯೇ ಬಾಳಿದ್ದವು.

ಈಗ ಫ್ಯಾನಿನ ರಿಲೇ ಸುಟ್ಟಿತ್ತು. ಮಾಲತೇಶ ರಾಣೆಬೆನ್ನೂರಿನಿಂದ ಹೊಸದು ತಂದ. ಬೇರೆ ಕಂಪನಿಯದಾದರೂ ಮೈಮೇಲೆ ಹನ್ನೆರಡೆಂದೇ ಬರೆದಿತ್ತು. ಬೈಕಿನ ಬ್ಯಾಟರಿಗೆ ಹಚ್ಚಿದರೆ ಟಿಕ್ ಎಂದಿತು. ಜೋಡಿಸಿದ.

ಪುಡಿ ಓಣಿಗೆ ಹಾರಬಾರದೆಂದು ಬಾಗಿಲು ಮುಚ್ಚಿಕೊಂಡೇ ಬೀಸುವುದು ಅಲ್ಲಿಯ ರೂಢಿ. ಒಳಗೆ ಮೆಣಸಿನಕಾಯಿ ಸುರಿಯಲು ಅವನ ಚಿಗವ್ವ ಕರೆವ್ವ ಇದ್ದಳು.

"ಹಚ್ಚಲೇನ್ ಚಿಗವ್ವಾ?"

"ಹಚ್ಚಪಾ, ನಿನ್ನ ಪಂಚಾಂಗ ಮುಗದಿದ್ರ."

ಹೊರಗಿನ ಪೆಟ್ಟಿಗೆಯಲ್ಲಿ ಬಟನ್ ಒತ್ತಿದ. ಟಿಕ್. ಕೇಳಿದ್ದು ಒಂದೇ; ಎರಡೂ ಒಟ್ಟಿಗೇ ಎಳೆದವೆಂದುಕೊಂಡ. ಗಿರಣಿಯ ಗದ್ದಲದಲ್ಲಿ ಫ್ಯಾನಿನ ಸದ್ದು ಬೇರೆಯಾಗಿ ಕೇಳುವಂತಿರಲಿಲ್ಲ.

ಒಳಗಿನಿಂದ ಕೆಮ್ಮು ಬಂತು. ಬ್ಯಾಡಗಿಯಲ್ಲಿ ಕೆಮ್ಮಿಗೆ ಯಾರೂ ಕತ್ತು ಹೊರಳಿಸುವುದಿಲ್ಲ. ಮಾಲತೇಶ ಕೊಟ್ರೇಶನಿಗೆ ಕಣ್ಣು ಹೊಡೆದು, ಚಿಗವ್ವನ ಕೆಮ್ಮನ್ನು ಕೊನೆಯ ಸೀಟಿಯ ಸಮೇತ ಅನುಕರಿಸಿದ.

"ಥೇಟ್ ಕರೆವ್ವನ ನೋಡು," ಕೊಟ್ರೇಶ ಹೊಟ್ಟೆ ಹಿಡಿದು ನಕ್ಕ.

ಒಳಗಿನ ಕೆಮ್ಮು ಉತ್ತರ ಕೊಟ್ಟಿತು. ಮಾಲತೇಶ ಮತ್ತೆ ಕೆಮ್ಮಿದ. ಈ ಸಲ ಉತ್ತರ ಬರಲಿಲ್ಲ. ಅವನ ಬಾಯಿ ತೆರೆದೇ ಉಳಿಯಿತು.

ಬಾಗಿಲು ದೂಡಿದರೆ ಕೆಂಪು ಮೋಡ ಮುಖಕ್ಕೆ ಬಡಿಯಿತು. ಫ್ಯಾನಿನ ರೆಕ್ಕೆಗಳು ನಿಂತಲ್ಲೇ ನಿಂತಿದ್ದವು. ಕೊಟ್ರೇಶ ಓಡಿಹೋಗಿ ಮೇನ್ ಇಳಿಸಿದ. ಮಾಲತೇಶ ಕಣ್ಣು ಮುಚ್ಚಿ ತಡಕಾಡಿ, ಚೀಲಗಳ ಸಂದಿಯಲ್ಲಿ ಬಿದ್ದಿದ್ದ ಚಿಗವ್ವನನ್ನು ತೋಳು ಹಿಡಿದು ಹೊರಗೆಳೆದ. ಮುಖಕ್ಕೆ ನೀರು ಹೊಯ್ದ ಮೇಲೆ ಅವಳಿಗೆ ಉಸಿರು ಬಂತು.

ಅವನು ಪೆಟ್ಟಿಗೆ ತೆರೆದು ಮುಟ್ಟಿ ನೋಡಿದ. ಹಳೆಯ ರಿಲೇ ಕೈ ಸುಡುತ್ತಿತ್ತು. ಹೊಸದು ತಣ್ಣಗಿತ್ತು.

"ಎರಡೂ ಹನ್ನೆರಡಲ್ಲೇನೋ?" ಕೊಟ್ರೇಶ ಕೇಳಿದ.

"ಹನ್ನೆರಡs ರೀ ಅಣ್ಣಾ. ಒಳಗಿನ ಸುರುಳಿ ಬ್ಯಾರೆ. ಹಳೇದು ಹೆಚ್ಚಿನ ಪಾಲು ನುಂಗೇತಿ. ಹೊಸದಕ್ಕ ಎಳಿಯಾಕ ಸಾಲಲಿಲ್ಲ."

ಆಮೇಲೆ ಪ್ರತಿ ರಿಲೇಗೂ ಅದರದೇ ಸುರುಳಿಗೆ ತಕ್ಕ, ಹೆಚ್ಚಿನ ಹನ್ನೆರಡು ವೋಲ್ಟ್ ನುಂಗುವ ರೆಸಿಸ್ಟರ್ ಹಾಕಿ, ಎರಡನ್ನೂ ಬೇರೆಬೇರೆಯಾಗಿ ಸಪ್ಲೈಗೆ ಸೇರಿಸಿದ. ಫ್ಯಾನಿನ ರಿಲೇ ಎಳೆಯದೆ ಗಿರಣಿಗೆ ಕರೆಂಟೇ ಹೋಗದಂತೆ ತಂತಿ ತಿರುಗಿಸಿದ.

"ಈಗ ಖರೇನ ಸರಿ ಆತೇನು?" ಕಟ್ಟೆಯ ಮೇಲೆ ಕುಳಿತಿದ್ದ ಕರೆವ್ವ ಕೇಳಿದಳು. ಕಣ್ಣುಗಳು ಇನ್ನೂ ಕೆಂಡದಂತಿದ್ದವು.

ಮಾಲತೇಶ ತಾನೇ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ.

"ಹಚ್ರಿ ಅಣ್ಣಾ," ಎಂದ.