ಹಾಡಿನ ಕೆಳಗಿನ ಮಾತು

ಮುನಿರತ್ನಮ್ಮ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಳು. ಬಿದಿರಿನ ಸುತ್ತುಗಳ ನಡುವೆ ಬೆರಳು ತೂರಿಸಿ ಒಂದೊಂದೇ ರೇಷ್ಮೆಗೂಡನ್ನು ಎಳೆದು, ಕಲೆಯಾದದ್ದನ್ನು ಮೊರಕ್ಕೆ, ಗಟ್ಟಿಯಾದದ್ದನ್ನು ಮಂಕರಿಗೆ ಹಾಕುತ್ತಿದ್ದಾಗ ಗಂಡ ನರಸಯ್ಯ ಮೊಬೈಲು ಹಿಡಿದು ಬಂದ.

"ತಕಾ, ನಿನ್ ಸ್ಟುಡಿಯೋ ಸಾಬ್ರು. ಬೆಳಗಾನೆದ್ದು ನಿನ್ನೇ ಕೇಳ್ತಾರೆ. ನಂಗ್ಯಾರೂ ಹಿಂಗೆ ಫೋನ್ ಮಾಡಲ್ವಲ್ಲಪ್ಪ."

ಅವಳು ಕೈಗಂಟಿದ ರೇಷ್ಮೆ ಎಳೆಯನ್ನು ಸೆರಗಿಗೆ ಒರೆಸಿಕೊಂಡು ಫೋನು ಕಿವಿಗಿಟ್ಟಳು. ಆ ಕಡೆಯಿಂದ ಮುಕ್ತಿಯಾರ್ ಒಂದೇ ಉಸಿರಿಗೆ ಹೇಳಿದ.

"ಅಕ್ಕಾ, ನನ್ ಹಳೇ ಕ್ಯಾಮೆರಾ ಸಿಕ್ತು. ಮಾಗಡಿ ದೇವರಾಜು ಹತ್ರಾನೇ ಐತೆ. ಒಂದು ದಿನಕ್ಕೆ ಕೊಡ್ತೀನಿ ಅಂದವ್ನೆ. ನಾಳೆ ಗೂಡು ಹಾಕಕ್ಕೆ ಮಾರ್ಕೆಟ್ಟಿಗೆ ಬತ್ತೀರಲ್ಲ, ಹಂಗೇ ಬಂದ್ಬುಡಿ."

ಫೋನು ಇಟ್ಟು ಮತ್ತೆ ಗೂಡಿಗೆ ಕೈ ಹಾಕಿದಳು. ಕಲೆಯಾದ ಗೂಡುಗಳನ್ನೂ ಮಂಕರಿಗೇ ಹಾಕುತ್ತ ಹೋದಳು. ನರಸಯ್ಯ ನೋಡಿ, ಕೂತು ಅವನ್ನು ಆರಿಸಿ ತೆಗೆದ.

ಹದಿನಾಲ್ಕು ವರ್ಷದ ಹಿಂದೆ ಅವಳ ತಂಗಿ ಗಂಗಲಕ್ಷ್ಮಮ್ಮ, ನೂಲು ತೆಗೆಯುವ ಕಡೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನೊಂದಿಗೆ ಹೋಗಿ ಮದುವೆಯಾಗಿದ್ದಳು. ಅವನು ಬೇರೆ ಜಾತಿಯವನು. ಅವ್ವ ಚಿಕ್ಕಲಕ್ಷ್ಮಮ್ಮ ಹನ್ನೊಂದು ದಿನ ಕಾದಳು. ಹನ್ನೊಂದನೆಯ ದಿನ ಕೆರೆಗೆ ಹೋಗಿ, ಬದುಕಿರುವ ಮಗಳ ಹೆಸರಿಗೆ ಎಳ್ಳುನೀರು ಬಿಟ್ಟು, ತಲೆಗೆ ಮಿಂದು, ಒದ್ದೆ ಸೀರೆಯಲ್ಲೇ ಮನೆಗೆ ಬಂದಳು. ಅಂದಿನಿಂದ ಆ ಮನೆಯಲ್ಲಿ ಗಂಗಿ ಎನ್ನುವ ಹೆಸರನ್ನು ಯಾರೂ ಎತ್ತಲಿಲ್ಲ.

ಈ ವರ್ಷ ವೈಶಾಖದಲ್ಲಿ ಮುನಿರತ್ನಮ್ಮನ ಮಗಳು ನವ್ಯಶ್ರೀಯ ಮದುವೆ ಕೆಂಗಲ್ಲಿನಲ್ಲಿ ಆಯಿತು. ವಿಡಿಯೋ ತೆಗೆದವನು ಮುಕ್ತಿಯಾರ್. ಆಷಾಢದಲ್ಲಿ ಅವ್ವ ತೀರಿಕೊಂಡಳು. ತಿಥಿಗೆ ಇಡಲು ಮದುವೆ ವಿಡಿಯೋದಿಂದಲೇ ಒಂದು ಪಟ ತೆಗೆಸಿ ಕಟ್ಟು ಹಾಕಿಸೋಣವೆಂದು ಮುನಿರತ್ನಮ್ಮ ಸ್ಟುಡಿಯೋಗೆ ಹೋದಾಗ, ಮುಕ್ತಿಯಾರ್ ತೆರೆಯ ಮೇಲೆ ಅವ್ವನ ಮುಖ ನೋಡುತ್ತಲೇ ಕೇಳಿದ್ದ.

"ಅಕ್ಕಾ, ಗಂಗಿ ಅಂದ್ರೆ ಯಾರು? ಮದುಮಗಳಿಗೆ ಎರಡ್ಮಾತು ಹೇಳಜ್ಜಿ ಅಂತ ನಾನಂದ್ರೆ, ಅಜ್ಜಿ ಗಂಗೀ ಅಂತ ಸುರು ಮಾಡಿ ಏನೇನೋ ಹೇಳಿದ್ರು. ಎರಡು ನಿಮಿಷ ಹೇಳಿದ್ರು. ಓಲಗ ಬೇರೆ ಊದ್ತಿದ್ರು, ಹೆಸ್ರು ಬಿಟ್ರೆ ನಂಗೊಂದೂ ಕೇಳಿಸ್ಲಿಲ್ಲ."

ಮುನಿರತ್ನಮ್ಮ ಪಟದ ಮಾತು ಬಿಟ್ಟು ನೆಟ್ಟಗೆ ಮನೆಗೆ ಬಂದಿದ್ದಳು.

ಮನೆಯಲ್ಲಿದ್ದ ಮದುವೆ ಸಿ.ಡಿ. ಹಾಕಿ ನೋಡಿದರೆ ಅವ್ವ ಕಾಣುತ್ತಿದ್ದಳು, ಬಾಯಿ ಆಡುತ್ತಿತ್ತು, ಕೇಳುತ್ತಿದ್ದದ್ದು ಮಾತ್ರ ಸಿನಿಮಾ ಹಾಡು. ಮದುವೆ ಸಿ.ಡಿ.ಗಳಿಗೆಲ್ಲ ಹಾಗೆಯೇ, ಮೊದಲಿಂದ ಕೊನೆಯವರೆಗೆ ಹಾಡು ಹಾಕಿ ಅಲ್ಲಿಯ ಸದ್ದನ್ನು ಅಳಿಸಿಬಿಡುವುದು. ಮುಕ್ತಿಯಾರ್ ಒಂದೆರಡು ಕಡೆ ಸದ್ದನ್ನು ಹಾಗೇ ಬಿಟ್ಟಿದ್ದ. ಸಿ.ಡಿ. ಮಾಡುವ ಮುಂಚೆ ತೋರಿಸಿದಾಗ ಮುನಿರತ್ನಮ್ಮನೇ ಅವನಿಗೆ ಹೇಳಿದ್ದಳು: "ಬರೀ ಗಲಾಟೆ ಕಣಪ್ಪ ಇದು. ಒಳ್ಳೆ ಹಾಡು ಹಾಕ್ಬುಡು, ಬೀಗ್ರು ನೋಡ್ತಾರೆ."

ಕಂಪ್ಯೂಟರಿಗೆ ಇಳಿಸಿಕೊಂಡಿದ್ದನ್ನು ಮುಂದಿನ ಮದುವೆಗೆ ಜಾಗ ಬೇಕೆಂದು ಮುಕ್ತಿಯಾರ್ ಅಳಿಸಿಯಾಗಿತ್ತು. ಉಳಿದದ್ದು ಕ್ಯಾಮೆರಾಗೆ ಹಾಕಿ ಮದುವೆ ತೆಗೆದಿದ್ದ, ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಕ್ಯಾಸೆಟ್ಟು.

ಅದನ್ನು ಹೊಸ ಕ್ಯಾಮೆರಾದಲ್ಲಿಟ್ಟು ಮತ್ತೆ ಕಂಪ್ಯೂಟರಿಗೆ ಇಳಿಸಲು ಅವನು ಮಾಡದ್ದಿಲ್ಲ. ಚಿತ್ರ ಚೂರುಚೂರಾಗಿ ನಿಲ್ಲುತ್ತಿತ್ತು, ಸದ್ದು ಕಟಕಟ ಕಡಿದು ಹೋಗುತ್ತಿತ್ತು. ಕೇಬಲ್ಲು ಬದಲಿಸಿದ. ಟೇಪು ಓದುವ ಹೆಡ್ಡನ್ನು ಒರೆಸುವ ಕ್ಯಾಸೆಟ್ಟು ಹಾಕಿ ಓಡಿಸಿದ. ವೈರಸ್ ಕಾಯುವ ಸಾಫ್ಟ್‌ವೇರನ್ನು ಮುಚ್ಚಿದ. ಹಾರ್ಡ್ ಡಿಸ್ಕಿನಲ್ಲಿ ಚೆದುರಿದ್ದದ್ದನ್ನೆಲ್ಲ ಒಂದು ಕಡೆ ಜೋಡಿಸಿದ. ಆಗಲಿಲ್ಲವೆಂದು ಇನ್ನೊಂದು ಹಾರ್ಡ್ ಡಿಸ್ಕನ್ನೇ ತಂದು ಹಾಕಿದ. ಪ್ರತಿ ಸಾರಿ ಗೂಡು ಮಾರಿ ಬಂದ ಮುನಿರತ್ನಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು.

"ಆ ಮೂಲೇಲಿ ನಂಬ್ರ ಏರ್ತಾ ಐತಲ್ಲಕ್ಕ, ಅದು ಬಿಟ್ಟೋದ ಫ್ರೇಮು. ಸೆಕೆಂಡಿಗೆ ಇಪ್ಪತ್ತೈದು ಪಟ ಬರ್ಬೇಕು. ಕಂಪ್ಯೂಟ್ರು ಹಿಡ್ಕಳಕ್ಕಾಗ್ದೆ ಬುಟ್ಬುಡ್ತದೆ."

"ಜ್ವರಕ್ಕೆ ಬಂದ ಹುಳ ಸೊಪ್ಪು ತಿನ್ದೆ ಬುಡ್ತದಲ್ಲ, ಹಂಗಾ?"

"ಹಂಗೇ ಅಂದ್ಕಳಿ. ಹುಳಕ್ಕಾದ್ರೆ ನೀವು ಮದ್ದು ಹೊಡೀತೀರ. ನಾನೆಲ್ಲಿ ಹೊಡೀಲಿ?"

ಕೊನೆಗೆ ತಪ್ಪು ಕಂಪ್ಯೂಟರಿನದಲ್ಲ ಎಂದು ಅವನಿಗೆ ಹೊಳೆಯಿತು. ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಒಂದೂವರೆ ಗಂಟೆ ಹಿಡಿಸುವಂತೆ ಟೇಪನ್ನು ನಿಧಾನ ಓಡಿಸಿ ತೆಗೆಯುವುದು ಅವನ ರೂಢಿ. ಹಾಗೆ ತೆಗೆದದ್ದು ತೆಗೆದ ಕ್ಯಾಮೆರಾಗೇ ಒಗ್ಗುತ್ತದೆ, ಬೇರೆಯದರಲ್ಲಿ ತಡವರಿಸುತ್ತದೆ. ಆ ಕ್ಯಾಮೆರಾವನ್ನು ಮದುವೆಯ ಸೀಜನ್ನು ಮುಗಿದದ್ದೇ ಅವನು ಮಾರಿಬಿಟ್ಟಿದ್ದ. ಅದು ಕೈಯಿಂದ ಕೈಗೆ ಹೋಗಿ ಮಾಗಡಿ ಸೇರಿತ್ತು.

ಇತ್ತ ತಂಗಿಗೆ ಬರೆಯಬೇಕಾದ ಕಾಗದ ಹಾಗೇ ಉಳಿದಿತ್ತು. ಗೂಡು ಕೊಂಡು ನೂಲು ತೆಗೆಸುವ ಹಿಂದೂಪುರದ ರೀಲರೊಬ್ಬ ಗೂಡಿನ ಮಾರ್ಕೆಟ್ಟಿನಲ್ಲಿ ಸಿಕ್ಕಿ, ಗಂಗಿ ತನ್ನ ಬೀದಿಯಲ್ಲೇ ಇದ್ದಾಳೆಂದು ವಿಳಾಸ ಬರೆದುಕೊಟ್ಟಿದ್ದ. ಅವ್ವ ಸತ್ತಳೆಂದು ಬರೆಯಲು ಒಂದು ಸಾಲು ಸಾಕು. ಆದರೆ ತನಗೇ ಎಳ್ಳುನೀರು ಬಿಟ್ಟ ಅವ್ವ ಸತ್ತಳು ಅನ್ನುವುದನ್ನು ಆ ಒಂದು ಸಾಲಿನಲ್ಲಿ ಓದಿ ಗಂಗಿ ಏನು ಮಾಡಿಯಾಳು? ಅವ್ವ ಕೊನೆಗೆ ಕರೆದಳೋ, ಇನ್ನೊಂದು ಸಾರಿ ತೊರೆದಳೋ, ಅದು ಸಿಕ್ಕ ಮೇಲೇ ಬರೆಯುತ್ತೇನೆ ಎಂದು ಮುನಿರತ್ನಮ್ಮ ಐದು ತಿಂಗಳು ದೂಡಿದ್ದಳು.

ಮರುದಿನ ಗೂಡು ಹರಾಜಾಗುವಷ್ಟರಲ್ಲಿ ಹನ್ನೆರಡಾಯಿತು. ದುಡ್ಡು ಈಸಿಕೊಳ್ಳಲು ನರಸಯ್ಯನನ್ನು ಬಿಟ್ಟು ಅವಳು ಸ್ಟುಡಿಯೋ ಮೆಟ್ಟಿಲು ಹತ್ತಿದಳು. ಮುಕ್ತಿಯಾರ್ ಹಳೆಯ ಕ್ಯಾಮೆರಾವನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟಿದ್ದ. ಒಂದು ಮೂಲೆ ಒಡೆದು ಟೇಪು ಸುತ್ತಿತ್ತು.

"ಏನಾಗದೆ ಇದ್ಕೆ?"

"ಯಾವ್ದೋ ಮೆರವಣಿಗೇಲಿ ಬೀಳಿಸವ್ರೆ. ಓಡ್ತದೆ, ನೋಡಿದೀನಿ. ಬೇರೆ ಟೇಪ್ ಹಾಕಿ ಎರಡು ಸಲ ನೋಡ್ದೆ." ಅವನು ಕ್ಯಾಸೆಟ್ಟನ್ನು ಒಳಗಿಟ್ಟು ಮುಚ್ಚಳ ಒತ್ತಿದ. "ಅಲ್ಲಾನ ಹೆಸರು ಹೇಳ್ಕತೀನಿ, ನೀವೂ ನಿಮ್ಮ ದೇವ್ರನ್ನ ನೆನ್ಕಳಿ."

"ಐದು ತಿಂಗ್ಳಿಂದ ಅದೇ ಕೆಲ್ಸ ಕಣಪ್ಪ. ಓಡ್ಸು."

ತೆರೆಯ ಮೇಲೆ ಕೆಂಗಲ್ಲಿನ ಛತ್ರ ಬಂತು. ಚೂರಿಲ್ಲ, ಚೌಕವಿಲ್ಲ. ಮೂಲೆಯ ಅಂಕಿ ಸೊನ್ನೆಯಲ್ಲೇ ನಿಂತಿತ್ತು. ಓಲಗದ ಸದ್ದು ತುಂಬಿಕೊಂಡಿತು, ಅದರ ಹಿಂದೆ ಪಾತ್ರೆಗಳ ಸದ್ದು, ಯಾರೋ ನೀರು ಕೇಳಿದ್ದು. ತಾನೇ ಯಾರನ್ನೋ ಗದರುತ್ತಿರುವ ದನಿ ಕೇಳಿ ಮುನಿರತ್ನಮ್ಮನಿಗೆ ನಾಚಿಕೆಯಾಯಿತು. ಕ್ಯಾಮೆರಾ ತಿರುಗಿತು. ಅವ್ವ ಗೋಡೆಗೆ ಒರಗಿ ಕೂತಿದ್ದಳು. "ಎರಡ್ಮಾತು ಹೇಳಜ್ಜಿ" ಎಂದಿತು ಮುಕ್ತಿಯಾರನ ಗಂಟಲು.

ಅವ್ವ ಬಾಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದಳು. ಕ್ಯಾಮೆರಾದೊಳಗೆ ಯಾರೋ ಕೂತಿದ್ದಾರೆ ಎನ್ನುವಂತೆ ಮುಂದಕ್ಕೆ ಬಾಗಿದಳು.

"ಗಂಗೀ," ಎಂದಳು.

ಅಷ್ಟರಲ್ಲಿ ಕ್ಯಾಮೆರಾ ಒಳಗಡೆ ಕಿರ್ರೆಂದಿತು. ತೆರೆ ನೀಲಿಯಾಯಿತು.

ಮುಕ್ತಿಯಾರ್ ಎದ್ದು ನಿಂತ. ಮುಚ್ಚಳ ತೆಗೆಯಲು ಒತ್ತಿದ, ಅದು ಅರ್ಧ ತೆರೆದು ನಿಂತಿತು. ಸೂಜಿಯಂಥ ಇಕ್ಕಳದಿಂದ ನಿಧಾನವಾಗಿ ಎಳೆದಾಗ ಕ್ಯಾಸೆಟ್ಟಿನ ಜೊತೆಗೆ ಕಂದು ಬಣ್ಣದ ಟೇಪು ನೆರಿಗೆ ನೆರಿಗೆಯಾಗಿ ಹೊರಬಂತು. ಬೆಳಕಿಗೆ ಹಿಡಿದು ನೋಡಿದ. ಒಂದು ಗೇಣು ಉದ್ದ ಉದ್ದಕ್ಕೇ ಸೀಳಿಹೋಗಿತ್ತು. ಅದರಾಚೆ ಎಷ್ಟೋ ದೂರ ಮುದುಡಿ, ಮೇಲಿನ ಲೇಪ ಕಿತ್ತು ಬಂದಿತ್ತು.

"ಕತ್ತರಿಸಿ ಅಂಟಿಸಕ್ಕಾಗಲ್ವಾ?"

"ಅಂಟಿಸ್ಬೋದು. ಅಜ್ಜಿ ಮಾತು ಈ ಸುಕ್ಕಿನಾಗೇ ಐತಕ್ಕ." ಅವನು ಹಣೆಗೆ ಕೈಯಿಟ್ಟುಕೊಂಡು ಕೂತ. "ನಾನು ಇದ್ನ ಇಲ್ಲಿ ಹಾಕ್ಬಾರ್ದಿತ್ತು. ಬೆಂಗ್ಳೂರಿಗೆ ಕಳಿಸ್ಬೇಕಿತ್ತು. ನಂದೇ ತಪ್ಪು."

"ಹಾಡು ಹಾಕು ಅಂದೋಳು ನಾನಲ್ವಾ."

ಒಳಗಿನಿಂದ ಅವನ ಹೆಂಡತಿ ಶರ್ಫುನ್ನೀಸಾ ಟೀ ತಂದಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದಳು.

"ಅಕ್ಕಾ, ಒಂದ್ಮಾತು ಹೇಳ್ಲಾ? ಬೇಜಾರು ಮಾಡ್ಕಬ್ಯಾಡಿ," ಎಂದ ಮುಕ್ತಿಯಾರ್. "ನೀವೇ ಬರೆದ್ಬುಡಿ. ಅಜ್ಜಿ ನಿನ್ನ ನೆನೆಸ್ಕಂಡ್ರು, ಮನೆಗೆ ಬಾ ಅಂದ್ರು ಅಂತ. ಟೇಪು ಹೋಯ್ತು. ಇನ್ಯಾರು ಬಂದು ಕೇಳ್ತಾರೆ?"

ಅವಳು ಟೀ ಕುಡಿದು ಮುಗಿಸಿದಳು.

"ನಮ್ಮವ್ವ ಬೈಯೋಕೆ ಮುಂಚೆನೂ ಹಿಂಗೇ ಮುಂದಕ್ಕೆ ಬಗ್ತಿದ್ಲು ಕಣಪ್ಪ," ಎಂದಳು. "ಮುದ್ದು ಮಾಡಕ್ಕೂ ಹಿಂಗೇ."

ಕ್ಯಾಸೆಟ್ಟು ಕೊಡಲೇ ಎಂದು ಅವನು ಕೇಳಿದ. ಬೇಡ ಎಂದು ತಲೆಯಾಡಿಸಿ ಮೆಟ್ಟಿಲು ಇಳಿದಳು.

ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಲೆಟರ್ ಕೊಂಡಳು. ದಾರಕ್ಕೆ ಕಟ್ಟಿದ್ದ ಪೆನ್ನು ಬರೆಯಲಿಲ್ಲ. ಪಕ್ಕದಲ್ಲಿದ್ದವರ ಪೆನ್ನು ಕೇಳಿ ಪಡೆದು, ಗೋಡೆ ಕಡೆಯ ಮೇಜಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿದಳು. ಆಷಾಢದಲ್ಲಿ ಅವ್ವ ಹೋದಳು ಎಂದು ಬರೆದಳು. ಹೇಳದೆ ಇದ್ದದ್ದು ನನ್ನ ತಪ್ಪು ಎಂದು ಬರೆದಳು. 'ಅವ್ವ ನಿನ್ನ' ಎಂದು ಮೂರನೆಯ ಸಾಲು ತೊಡಗಿ ಪೆನ್ನೆತ್ತಿದಳು. ಪೆನ್ನಿನವರು ಒಂದು ಸಾರಿ ಗಡಿಯಾರ ನೋಡಿದರು, ಇನ್ನೊಂದು ಸಾರಿ ಅವಳನ್ನು ನೋಡಿದರು.

"ಒಸಿ ತಡ್ಕಳಿ ಸ್ವಾಮಿ, ಆಯ್ತು."

'ಅವ್ವ ನಿನ್ನ ಹೆಸರು ಹಿಡಿದು ಕರೆದಳು. ಆಮೇಲೆ ಏನಂದಳೋ ನನಗೆ ಸಿಕ್ಕಲಿಲ್ಲ.'

ಕೆಳಗೆ ಜಾಗ ಇನ್ನೂ ಬಹಳವಿತ್ತು. ಮಡಚಿ, ಗೋಂದು ಹಚ್ಚಿ, ಅಂಗೈಯಿಂದ ಒತ್ತಿ, ರೀಲರು ಕೊಟ್ಟಿದ್ದ ಚೀಟಿ ನೋಡಿಕೊಂಡು ವಿಳಾಸ ಬರೆದಳು.

ಹೊರಗೆ ಬಂದಾಗ ಅಂಚೆಯವನು ಡಬ್ಬಿಯ ಬಾಗಿಲು ತೆರೆದು ಕಾಗದಗಳನ್ನು ಚೀಲಕ್ಕೆ ಬಾಚುತ್ತಿದ್ದ. ಅವಳು ನೀಡಿದ್ದನ್ನು ತಿರುಗಿಸಿ ನೋಡಿದ.

"ಹಿಂದೂಪುರ. ಮನೆ ನಂಬ್ರ ಇಲ್ವಲ್ಲಮ್ಮ. ಹುಡುಕ್ತಾರೆ, ಸಿಕ್ಲಿಲ್ಲ ಅಂದ್ರೆ ವಾಪಸ್ ಬತ್ತದೆ. ಕಳಿಸ್ಲಾ, ಬೇಡ್ವಾ?"

"ಕಳ್ಸಪ್ಪ."

ಅವನು ಅದನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಸೈಕಲ್ಲಿನ ಹಿಂದೆ ಕಟ್ಟಿದ. ಸ್ಟೇಷನ್ ರಸ್ತೆಯ ಕಡೆ ತಿರುಗುವವರೆಗೂ ಚೀಲ ಒಂದು ಪಕ್ಕಕ್ಕೆ ವಾಲುತ್ತ, ನೆಟ್ಟಗಾಗುತ್ತ ಹೋಯಿತು.