ಎಣಿಸದ ಹಾಜರಿ

ಯಾಸ್ಮಿನ್ ಟೀಚರ್ ಶಿರಾದಿಂದ ಬಸ್ಸು ಹಿಡಿದು ದೊಡ್ಡೇರಿ ಹೋಬಳಿಯ ಈ ಕುರಿಗಾರರ ಹಟ್ಟಿಗೆ ಬರತೊಡಗಿ ಐದು ವರ್ಷವಾಗಿತ್ತು. ಆದರೂ ಇಷ್ಟು ಹೊಳೆಯಲಿಲ್ಲವೆಂದರೆ ಏನೆನ್ನಬೇಕು! ಹಿಂದಿನ ದಿನ ಮನೆಮನೆಗೂ ಹೋಗಿ, "ನಾಳೆ ಡೆಲ್ಲಿಯವರು ಮಕ್ಕಳನ್ನ ಎಣಿಸೋಕೆ ಬರ್ತಾರೆ, ತಪ್ಪದೆ ಕಳಿಸಿ" ಎಂದು ಸಾರಿ ಬಂದಿದ್ದಳು. ಅವರೋ ಕುರಿಯನ್ನೇ ಎಣಿಸದ ಜನ. ಎಣಿಸಿದರೆ ದೃಷ್ಟಿ ತಾಗಿ ಮಂದೆ ಕರಗೀತೆಂಬ ಭಯ. ಇನ್ನು ಹೆತ್ತ ಮಕ್ಕಳನ್ನು ಎಣಿಕೆಗೆ ಕಳಿಸುತ್ತಾರೆಯೇ?

ಬೆಳಿಗ್ಗೆ ಶಾಲೆ ಖಾಲಿ. ಕೇಂದ್ರ ಸರ್ಕಾರದ ಪರಿಶೀಲನಾ ತಂಡದ ಪ್ರಸನ್ನ ಕುಮಾರ್ ಮಾತ್ರ ಹತ್ತು ಗಂಟೆಗೆ ಸರಿಯಾಗಿ ಬಂದು, ಟ್ಯಾಬ್ ಹಿಡಿದು ಕೂತಿದ್ದರು.

"ದಾಖಲಾತೀಲಿ ಹದಿನಾಲ್ಕು ಮಕ್ಕಳು. ಇಲ್ಲಿ ಒಬ್ಬರೂ ಇಲ್ಲ. ಹತ್ತಕ್ಕಿಂತ ಕಡಿಮೆ ಇದ್ರೆ ಈ ಶಾಲೇನ ಪಕ್ಕದೂರಿನ ಶಾಲೆಗೆ ಸೇರಿಸಿ ಅಂತ ಬರೀಬೇಕಾಗುತ್ತೆ ಮೇಡಂ."

ಪಕ್ಕದೂರೆಂದರೆ ನಾಲ್ಕು ಕಿಲೋಮೀಟರು. ಗಂಡುಮಕ್ಕಳು ಹೇಗೋ ಹೋದಾರು; ನಾಲ್ಕನೇ ತರಗತಿಯ ಯಶೋದಳಂಥ ಹುಡುಗಿಯರು ಮರುದಿನದಿಂದಲೇ ಕುರಿಮರಿ ಕಾಯಲು ನಿಲ್ಲುತ್ತಾರೆ. "ಅರ್ಧ ಗಂಟೆ ಕೊಡಿ ಸಾರ್" ಎಂದವಳೇ ಯಾಸ್ಮಿನ್ ಶಾಲಾ ಸಮಿತಿಯ ಅಧ್ಯಕ್ಷೆ ಕೊಲ್ಲಾಪುರಮ್ಮನ ಮನೆಗೆ ಓಡಿದಳು.

"ಎಣಿಸ್ತೀವಿ ಅಂದ್ರೆ ಯಾವ ತಾಯಿ ಕಳಿಸ್ತಾಳೆ ಟೀಚರಮ್ಮ?" ಎಂದಳು ಮುದುಕಿ.

"ತಪ್ಪಾಯ್ತು ಅಜ್ಜಿ. ಸಂಜೆ ಕುರಿ ಎಲ್ಲಾ ಬಂದ್ವು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?"

"ಮಕ ನೋಡ್ತೀವಿ. ಯಾವ್ದು ಬಂದಿಲ್ಲ ಅಂತ ತಾನೇ ತಿಳೀತದೆ."

"ಇವತ್ತೂ ಅಂಗೇ ನೋಡಾಣ, ಬನ್ನಿ."

ಕೊಲ್ಲಾಪುರಮ್ಮ ಒಂದೊಂದು ಬಾಗಿಲಲ್ಲೂ ನಿಂತು ಕೂಗಿದಳು. ಮಕ್ಕಳು ದಬದಬ ಹೊರಬಂದರು. ಬೆರಳು ತೋರಿಸಬಾರದು, ಒಂದು ಎರಡು ಅನ್ನಬಾರದು ಎಂದು ಪ್ರಸನ್ನ ಕುಮಾರರಿಗೆ ಷರತ್ತು ಬಿತ್ತು. ಅವರು ನಗುತ್ತಾ ಒಪ್ಪಿ, ಹೆಸರು ಕರೆದು ಟ್ಯಾಬ್ ಒತ್ತುತ್ತಾ ಹೋದರು. ಅವರು ಮುಗಿಸುವ ಮೊದಲೇ ಮುದುಕಿ ಒಮ್ಮೆ ಕಣ್ಣಾಡಿಸಿ ಹೇಳಿಬಿಟ್ಟಳು: "ಚಿಕ್ಕರಾಜು ಇಲ್ಲ ಸ್ವಾಮಿ. ಅವರಪ್ಪನ ಜತೆ ಮಂದೆ ಹೊಡ್ಕಂಡು ಕೊಳಾಲದ ಕಡೆ ಹೋಗವ್ನೆ. ಅಮಾಸೆಗೆ ಬತ್ತಾನೆ."

ಟ್ಯಾಬ್ ತಾನಾಗಿಯೇ ಒಟ್ಟು ತೋರಿಸಿತು. ಅದನ್ನು ಓದಲು ಬಾಯಿ ತೆರೆದ ಅಧಿಕಾರಿ, ಯಾಸ್ಮಿನ್ ಕಣ್ಸನ್ನೆ ಕಂಡು ಗಪ್‌ಚಿಪ್ಪಾದರು. ಶಾಲೆ ಉಳಿದಿತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

"ಇನ್ನೊಬ್ರೂ ಬಂದಿಲ್ವಲ್ಲ ಸ್ವಾಮಿ" ಎಂದಳು ಕೊಲ್ಲಾಪುರಮ್ಮ.

"ಯಾರಮ್ಮ?"

"ಎರಡನೇ ಮೇಷ್ಟ್ರು. ನಿಮ್ ಪಟ್ಟೀಲಿ ಇಬ್ರು ಅಂತ ಐತಂತೆ. ಮೂರು ವರ್ಸದಿಂದ ಅವರ ಮಕನೇ ಕಂಡಿಲ್ಲ."

"ಮೇಷ್ಟ್ರನ್ನ ಕೊಡೋದು ಬೆಂಗಳೂರಿನವರು ಅಮ್ಮಾ, ಡೆಲ್ಲಿಯವರಲ್ಲ."

"ಲೆಕ್ಕ ಕೇಳಾಕೆ ಡೆಲ್ಲಿ, ಮೇಷ್ಟ್ರು ಕೊಡಾಕೆ ಮಾತ್ರ ಬೆಂಗ್ಳೂರಾ? ನಮ್ ಮಂದೇಲಿ ಒಂದು ಕಾಣ್ದಿದ್ರೆ ಯಾರ್ ಕೆಲ್ಸ ಅಂತ ಕೇಳ್ಕಂಡು ಕೂರಲ್ಲ, ಹುಡುಕ್ಕಂಡು ಹೋಗ್ತೀವಿ. ಚಿಕ್ಕರಾಜು ಅಮಾಸೆಗೆ ಬತ್ತಾನೆ. ಇವ್ರು ಯಾವಾಗ?"

ಆ ಪ್ರಶ್ನೆಗೆ ಟ್ಯಾಬ್‌ನಲ್ಲಿ ಜಾಗವೇ ಇರಲಿಲ್ಲ. ಪ್ರಸನ್ನ ಕುಮಾರ್ ಶಾಲೆಯ ಸಂದರ್ಶಕರ ಪುಸ್ತಕ ತರಿಸಿಕೊಂಡರು. ಅರವತ್ತು ದಿನದೊಳಗೆ ಎರಡನೇ ಶಿಕ್ಷಕರ ಬಗ್ಗೆ ಉತ್ತರ ಕೊಡಿಸುವುದಾಗಿ ಕೈಯಾರೆ ಬರೆದು, ಫೋನ್ ನಂಬರ್ ಸಮೇತ ಸಹಿ ಹಾಕಿದರು.

ಜೀಪು ಹೊರಟ ಮೇಲೆ ಯಾಸ್ಮಿನ್ ನಗುತ್ತಾ ಕೇಳಿದಳು: "ಅರವತ್ತು ದಿನ ಎಣಿಸಬೋದಾ ಅಜ್ಜಿ?"

"ಅದನ್ನ ಎಣಿಸ್ಬೇಕು ಕಣಮ್ಮ" ಎಂದಳು ಕೊಲ್ಲಾಪುರಮ್ಮ. "ದಿನಾ ಬೆಳಿಗ್ಗೆ, ಮಕ್ಕಳ ಕೈಲಿ ಜೋರಾಗಿ ಎಣಿಸು."